ಒಣಕಾಯಿಯ ಚಿತ್ರ

"ಇಲ್ಲದ ತೂತನ್ನ ಯಾಕಮ್ಮಾ ಬರೆದೆ? ಕಣ್ಣಿಗೆ ಕಂಡಿದ್ದನ್ನಷ್ಟೇ ಬರೀಬೇಕು," ಎನ್ನುತ್ತ ಚಿತ್ರಕಲೆಯ ಶಿಕ್ಷಕಿ ಆರು ವರ್ಷದ ಹುಡುಗಿಯ ಕೈಗೆ ರಬ್ಬರ್ ಕೊಟ್ಟರು. ಮೇಜಿನ ಮೇಲಿಟ್ಟಿದ್ದ ಕಂದುಬಣ್ಣದ ಒಣಕಾಯಿ ಅವರಿಗೆ ನುಣ್ಣಗೆ ಕಾಣುತ್ತಿತ್ತು.

"ಇದೆ ಮಿಸ್, ಹುಳ ಕೊರೆದಿದೆ!" ಹುಡುಗಿಯ ತುಟಿ ನಡುಗಿತು.

"ಮಿಸ್ಸೇ ಇಲ್ಲ ಅಂದ್ಮೇಲೆ ಇಲ್ಲ ಕಣೇ, ಅಳಬುರುಕಿ," ಎಂದು ಅಣಕಿಸಿದ ಪಕ್ಕದವಳು ತನ್ನ ಹಾಳೆಯನ್ನೂ ಉಜ್ಜತೊಡಗಿದಳು. ಅವಳು ಬರೆದ ಕಾಯಿಯಲ್ಲೂ ಅದೇ ಜಾಗದಲ್ಲಿ ಕಪ್ಪು ತೂತಿತ್ತು. ಹಿಂದಿನ ಬೆಂಚಿನ ಮೂವರೂ ಆತುರಾತುರವಾಗಿ ತಮ್ಮ ಹಾಳೆಗಳಲ್ಲಿದ್ದ ಅಂಥದೇ ತೂತನ್ನು ಅಳಿಸುತ್ತಿದ್ದರು.

ಶಿಕ್ಷಕಿ ಕಾಯಿಯನ್ನು ಎತ್ತಿಕೊಂಡು ಮೆಲ್ಲನೆ ಸವರಿದರು. ಕಿರುಬೆರಳ ತುದಿ ತಟ್ಟನೆ ಒಳಗಿಳಿಯಿತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬೆರಳಿಗೆ ಸಿಕ್ಕಿದ್ದು ಕಣ್ಣಿಗೆ ಸಿಗಲಿಲ್ಲ.

"ಯಾರೂ ಅಳಿಸ್ಬೇಡಿ," ಎಂದರು. ಆ ದನಿಗೆ ಮಕ್ಕಳು ಇನ್ನಷ್ಟು ಹೆದರಿದರು.