ಎರಡೂ ಕಡೆ ಒಬ್ಬನೇ ಆಡಿದ ಆಟ

ಮೈಸೂರಿನ ಸುಹಾಸ್‌ಗೆ ಆಟವೇ ಕೆಲಸ... ಹೊಸ ಬೋರ್ಡ್ ಗೇಮ್, ಕಾರ್ಡ್ ಗೇಮ್ ಏನೇ ಬಂದರೂ ಆಡಿ ನೋಡಿ ಯೂಟ್ಯೂಬಿನಲ್ಲಿ ರಿವ್ಯೂ ಮಾಡುತ್ತಿದ್ದ.

ಹೊಗಳಿದರೆ ನೂರು ಜನ ನೋಡುತ್ತಿದ್ದರು. ಕಾಲೆಳೆದರೆ ಸಾವಿರಾರು ಜನ. ಹಾಗಾಗಿ ಅವನ ನಾಲಿಗೆ ದಿನೇ ದಿನೇ ಹರಿತವಾಗುತ್ತಾ ಹೋಯಿತು.

ಅವನಿಗೆ ಇನ್ನೊಂದು ಅಭ್ಯಾಸವಿತ್ತು. ಜೊತೆಗೆ ಯಾರನ್ನಾದರೂ ಕೂರಿಸಿಕೊಂಡು ಆಡುವಷ್ಟು ಪುರುಸೊತ್ತು ಎಲ್ಲಿ... ಎದುರಾಳಿಯ ಕಾರ್ಡನ್ನೂ ತಾನೇ ಹಿಡಿದು, ಎರಡೂ ಕಡೆ ಒಬ್ಬನೇ ಆಡಿ ಮುಗಿಸುತ್ತಿದ್ದ.

ಒಂದು ದಿನ ದಾವಣಗೆರೆಯಿಂದ ಪುಟ್ಟ ಡಬ್ಬಿಯೊಂದು ಬಂತು. ಒಳಗೆ ಕೈಯಲ್ಲೇ ಚಿತ್ರ ಬರೆದ ನಲವತ್ತು ಕಾರ್ಡು. ಕಳಿಸಿದವರು ಹಾಲಮ್ಮ ಎಂಬ ಹೆಂಗಸು.

ಆಟ ಸುಲಭ. ಎದುರಿನವರ ಮುಂದೆ ಒಂದು ಕಾರ್ಡ್ ಇಡಬೇಕು. ಚಿತ್ರದ ಹೆಸರು ಹೇಳಿದರೆ ಕಾರ್ಡ್ ಅವರದು. ಅವರು ಹೇಳುವ ತನಕ ಎಷ್ಟು ಹೊತ್ತಾದರೂ ಕಾಯಬೇಕು... ಆತುರಪಟ್ಟು ನಾವೇ ಹೇಳಿದರೆ ನಾವು ಸೋತಂತೆ.

ಸುಹಾಸ್ ಎಂದಿನಂತೆ ಒಬ್ಬನೇ ಆಡಿದ. ನಾಲ್ಕೇ ನಿಮಿಷದಲ್ಲಿ ಮುಗಿಯಿತು. ಕ್ಯಾಮೆರಾ ಆನ್ ಮಾಡಿದ.

“ಫ್ರೆಂಡ್ಸ್, ಹಸು ನೋಡಿ ಹಸು ಅನ್ನೋಕೆ ಎಷ್ಟೊತ್ತು ಬೇಕು? ಇದೇನು ಗೇಮಾ, ಎಲ್‌ಕೆಜಿ ಕ್ಲಾಸಾ? ಈ ಚಿತ್ರ ನೋಡಿ... ಕೊಡೆ ಅಂತೆ. ನನಗೇನೋ ಅಣಬೆ ಥರ ಕಾಣ್ತಿದೆ. ಯಾರೋ ಎಡಗೈಲಿ ಬರೆದಂಗಿದೆ.”

ಐದಕ್ಕೆ ಅರ್ಧ ಸ್ಟಾರ್ ಕೊಟ್ಟ. ವಿಡಿಯೋ ಹಿಟ್ ಆಯಿತು.

ತಿಂಗಳ ನಂತರ ಹಾಲಮ್ಮ ಫೋನ್ ಮಾಡಿದರು. ಬೈಯಲಿಕ್ಕೇ ಇರಬೇಕು ಎಂದುಕೊಂಡ.

“ವಿಡಿಯೋ ಇರ್ಲಿ ಬಿಡ್ರಿ ಸರ್. ಆ ಡಬ್ಬಿ ವಾಪಸ್ ಕಳಿಸ್ತೀರಾ? ನಮ್ಮನೆಯವರು ಬರೆದದ್ದು ಈಗ ಅದೊಂದೇ ಉಳಿದಿರೋದು. ಮನೇಲಿದ್ದದ್ದನ್ನೆಲ್ಲ ಅವರೇ ಒಲೆಗೆ ಹಾಕಿಬಿಟ್ರು.”

ಯಾಕೆ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಆದರೆ ಕೂತಲ್ಲಿ ಕೂರಲೂ ಆಗಲಿಲ್ಲ. ಮರುದಿನವೇ ಡಬ್ಬಿ ಹಿಡಿದು ದಾವಣಗೆರೆಗೆ ಹೋದ.

ಹಾಲಮ್ಮನ ಗಂಡ ಕೊಟ್ರೇಶಪ್ಪ ಮಂಚದ ಮೇಲೆ ಕೂತಿದ್ದರು. ಒಂದು ಕಾಲಕ್ಕೆ ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದವರು... ಲಕ್ವ ಹೊಡೆದು ಬಲಗೈ ಹೋಯಿತು, ಮಾತೂ ಹೋಯಿತು. ಬೇರೆಯವರು ಹೇಳಿದ್ದು ಮಾತ್ರ ಪೂರ್ತಿ ಅರ್ಥವಾಗುತ್ತಿತ್ತು.

ಹುಡುಗ ತಮ್ಮ ಮಗನ ವಯಸ್ಸಿನವನೆಂದು ಕಂಡು ಹಾಲಮ್ಮನ ದನಿ ಮೆತ್ತಗಾಯಿತು.

“ಎಡಗೈಲಿ ಬರೆಯೋದು ಕಲ್ತು ಒಂದೊಂದೇ ಕಾರ್ಡು ಮಾಡಿದ್ರು ನೋಡಪ್ಪ. ದಿನಾ ಇಬ್ರೂ ಆಡ್ತಿದ್ವಿ. ಹನ್ನೊಂದು ಮಾತು ವಾಪಸ್ ಬಂದಿದ್ವು... ನನ್ನ ಹೆಸರೂ ಬಂದಿತ್ತು. ಇವರಂಗೆ ಮಾತು ಹೋದೋರು ಎಷ್ಟು ಜನ ಅದಾರೋ, ಅವರಿಗೂ ಉಪಯೋಗ ಆಗ್ಲಿ ಅಂತ ನಿನಗೆ ಕಳಿಸಿದ್ದು.”

ಸುಹಾಸ್ ಕೈಲಿದ್ದ ಡಬ್ಬಿಯನ್ನು ಮಂಚದ ಅಂಚಿಗೆ ಇಟ್ಟ.

“ನಿನ್ನ ವಿಡಿಯೋ ನೋಡಾಕೆ ಅಂತ ಹೊಸ ಶರ್ಟ್ ಹಾಕ್ಕೊಂಡು ಕೂತಿದ್ರು. ಪೂರ್ತಿ ನೋಡಿದ್ರು... ಅವತ್ತಿಂದ ಬಾಯೇ ಬಿಟ್ಟಿಲ್ಲ.”

ಅವನಿಗೆ ದುಃಖ ಒತ್ತರಿಸಿ ಬಂತು. ಕೊಟ್ರೇಶಪ್ಪನವರ ಕಾಲು ಹಿಡಿದು “ತಪ್ಪಾಯ್ತು” ಎಂದ. ಅವರ ಎದುರು ನೆಲದ ಮೇಲೆ ಕೂತು, ಡಬ್ಬಿಯಿಂದ ಒಂದು ಕಾರ್ಡ್ ತೆಗೆದು ಮುಂದಿಟ್ಟ.

ಕಾದ. ಹತ್ತು ನಿಮಿಷ... ಅರ್ಧ ಗಂಟೆ... ಹಾಲಮ್ಮ ತಂದಿಟ್ಟ ಚಹಾ ಆರಿ ಕೆನೆಗಟ್ಟಿತು. ಒಬ್ಬರ ಸರದಿಗಾಗಿ ಅವನು ಇಷ್ಟು ಹೊತ್ತು ಕಾದದ್ದು ಜೀವನದಲ್ಲೇ ಮೊದಲು.

ಕೊನೆಗೆ ಅವರ ತುಟಿ ಅಲುಗಿತು. ಹಾಲಮ್ಮ ಬಾಗಿಲಲ್ಲೇ ನಿಂತುಬಿಟ್ಟರು.

“ಬೇ... ಡ.”

ಎಡಗೈಯಿಂದ ಕಾರ್ಡನ್ನು ಪಕ್ಕಕ್ಕೆ ಸರಿಸಿ, ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

ತಿಂಗಳ ಮೇಲೆ ಗಂಡನ ಬಾಯಿಂದ ಬಂದ ಮೊದಲ ಮಾತು ಅದು... ಹಾಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಸುಹಾಸ್ ಹಳೆಯ ವಿಡಿಯೋ ಅಳಿಸಿದ. ಕ್ಷಮೆ ಕೇಳಿ ಹೊಸದು ಹಾಕಿದ. ಅದನ್ನು ನೋಡಿದವರು ಬೆರಳೆಣಿಕೆಯಷ್ಟು ಜನ.

ಹಳೆಯದರ ತುಣುಕು ಮಾತ್ರ ಇವತ್ತಿಗೂ ಗ್ರೂಪಿನಿಂದ ಗ್ರೂಪಿಗೆ ಓಡಾಡುತ್ತಲೇ ಇದೆ... ಕೆಳಗೆ ಸಾಲು ಸಾಲು ನಗುವ ಇಮೋಜಿ.

*ಹಾಕಿದ ವಿಡಿಯೋ ಅಳಿಸಬಹುದು... ಅದರಲ್ಲಿ ಆಡಿದ ಮಾತು ಒಬ್ಬರ ಎದೆಯಲ್ಲಿ ಮಾಡಿದ ಗಾಯವನ್ನು ಅಳಿಸಲಾಗದು.*

ಇವತ್ತು ನೀವು ನಕ್ಕು ಫಾರ್ವರ್ಡ್ ಮಾಡಿದ ತಮಾಷೆಯನ್ನು ಅದಕ್ಕೆ ಗುರಿಯಾದವರೂ ನೋಡಿರಬಹುದು ಎಂದು ಒಮ್ಮೆಯಾದರೂ ಯೋಚಿಸಿದ್ದೀರಾ...?