ಬಣ್ಣ ತಿರುಗಿದ ಹಾಲು

ಬೆಳಕು ಹರಿಯುತ್ತಲೇ ರಾಮಗಿರಿಯ ಹೆಂಗಸರು ಚೊಂಬು ಹಿಡಿದು ಚಾವಡಿಗೆ ನುಗ್ಗಿದರು. ಅಲ್ಲಿ ತಂಗಿದ್ದ ಸ್ಯಾನಿಟರಿ ಇನ್ಸ್‌ಪೆಕ್ಟರ್ ಪಂಚಾಕ್ಷರಪ್ಪ ಇನ್ನೂ ರುಮಾಲು ಸುತ್ತಿಕೊಳ್ಳುತ್ತಿದ್ದರು.

“ನೋಡ್ರಿ ಸ್ವಾಮಿ, ನಿಮ್ಮ ಔಷಧಿ ಮಾಡಿದ ಕೆಲ್ಸ!” ಮರುಳಸಿದ್ದಮ್ಮ ಚೊಂಬನ್ನು ಅವರ ಮೂಗಿಗೇ ಹಿಡಿದಳು. ಒಳಗಿದ್ದ ಹಾಲು ರಾಗಿ ಗಂಜಿಯ ಬಣ್ಣಕ್ಕೆ ತಿರುಗಿತ್ತು.

ಪಂಚಾಕ್ಷರಪ್ಪ ರುಮಾಲು ಬಿಟ್ಟು ಚೊಂಬಿನೊಳಗೆ ಇಣುಕಿದರು. ಪಕ್ಕದ ಹಳ್ಳಿಯಲ್ಲಿ ವಾಂತಿಭೇದಿಗೆ ಹೆಣ ಬೀಳುತ್ತಿದ್ದವು. ಅದಕ್ಕೇ ಹಿಂದಿನ ಸಂಜೆ ಅವರು ಖುದ್ದಾಗಿ ನಿಂತು ಊರಬಾವಿಗೆ ಔಷಧಿ ಸುರಿಸಿದ್ದರು. ನೀರು ಕೆಂಪಗಾಗಿದ್ದು ಕಂಡು, ಅವರು ಕೈಮುಗಿದು ಬೇಡಿಕೊಂಡರೂ ಕೇಳದೆ, ಊರಿಗೆ ಊರೇ ಬಿಂದಿಗೆ ಎತ್ತಿಕೊಂಡು ಎಮ್ಮೆ ಮೈತೊಳೆಯುವ ಕೆರೆಗೆ ಹೋಗಿತ್ತು. ಈಗ ಹಾಲೂ ಕೆಟ್ಟಿತೆಂದರೆ ಬಾವಿಯ ಹತ್ತಿರ ಒಂದು ನರಪಿಳ್ಳೆಯೂ ಸುಳಿಯುವುದಿಲ್ಲ.

“ಎಮ್ಮೆ ಬಾವಿ ನೀರು ಕುಡೀತು ಸ್ವಾಮಿ. ಔಷಧಿ ಸೀದಾ ಕೆಚ್ಚಲಿಗೇ ಇಳಿದೈತೆ,” ಎಂದ ಹೆಂಗಸರ ಹಿಂದೆಯೇ ಬಂದಿದ್ದ ಹಾಲು ಮಾರುವ ಜಂಬಣ್ಣ ಅಳುಮುಖ ಮಾಡಿಕೊಂಡು.

“ಹಾಗಾದರೆ ನಡಿಯಪ್ಪ, ನಮ್ಮೆದುರಿಗೇ ಕರಿ.”

ಎಲ್ಲರೂ ಜಂಬಣ್ಣನ ಕೊಟ್ಟಿಗೆಗೆ ಹೋದರು. ಆಗಲೇ ಒಮ್ಮೆ ಕರೆಸಿಕೊಂಡಿದ್ದ ಎಮ್ಮೆ ಸಿಟ್ಟಿನಿಂದ ಕಾಲು ಝಾಡಿಸಿತು. ಜಗ್ಗಿ ಜಗ್ಗಿ ಕರೆದರೆ ತಂಬಿಗೆಯ ತಳ ಮುಚ್ಚುವಷ್ಟು ಹಾಲು ಬಂತು. ಸುಣ್ಣದಂತೆ ಬೆಳ್ಳಗಿತ್ತು.

ಹೆಂಗಸರ ಕಣ್ಣು ಎಮ್ಮೆಯನ್ನು ಬಿಟ್ಟು ಜಂಬಣ್ಣನ ಮೇಲೆ ನೆಟ್ಟಿತು.

“ಬಾವಿ ನೀರು ಎಷ್ಟು ಬೆರೆಸಿದೆಯೋ?” ಪಂಚಾಕ್ಷರಪ್ಪ ಗುಡುಗಿದರು.

“ದಿನಾ ಬೆರೆಸಾದಷ್ಟೇ ಸ್ವಾಮಿ. ಕತ್ತಲಾಗೆ ಬಣ್ಣ ಕಾಣ್ಲಿಲ್ಲ.” ಜಂಬಣ್ಣ ತಲೆ ಕೆರೆದುಕೊಂಡ. “ಆದ್ರೂ ಒಂದು ಮಾತು. ನೀವು ಕೈಮುಗಿದ್ರೂ ಇವ್ರು ಮುಟ್ಟದಿದ್ದ ಔಷಧೀನ ಮನೆಮನೆಗೆ ಮುಟ್ಟಿಸಿದೋನು ನಾನೇ ಅಲ್ಲೇನ್ರಿ?”

ಪಂಚಾಕ್ಷರಪ್ಪ ಹೆಂಗಸರ ಕಡೆ ತಿರುಗಿದರು. ಹೆದರುತ್ತಲೇ ಕೇಳಿದರು: “ಈ ಹಾಲನ್ನು ಯಾರಾದರೂ ಕುಡಿದಿರಾ?”

“ನಾನೇ ಕುಡ್ದೀನಿ, ಬೆಳಕಾಗಾಕೆ ಮುಂಚೆ,” ಎಂದಳು ಮರುಳಸಿದ್ದಮ್ಮ.

“ಏನಾದರೂ ಆಯಿತೇನಮ್ಮ?”

“ಆಗೈತೆ. ಹಸಿವಾಗೈತೆ.”

ಪಂಚಾಕ್ಷರಪ್ಪ ಹಿಗ್ಗಿಹೋದರು. “ಕೇಳಿದಿರೇನಮ್ಮ ಎಲ್ಲರೂ? ಔಷಧಿಯಿಂದ ಏನೂ ಆಗುವುದಿಲ್ಲ. ಇವನಿಗೆ ದಂಡ ಹಾಕುತ್ತೇನೆ. ನೀವು ಧೈರ್ಯವಾಗಿ ಬಾವಿ ನೀರು ಸೇದಿ ಕುಡಿಯಿರಿ.”

ಹೆಂಗಸರು ಮುಖ ಮುಖ ನೋಡಿಕೊಂಡರು. ಮರುಳಸಿದ್ದಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ಆ ಕೆಂಪು ನೀರು ನಾವ್ಯಾರೂ ಮುಟ್ಟಾಕಿಲ್ಲ ಸ್ವಾಮಿ. ದಂಡ ಗಿಂಡ ಬ್ಯಾಡ್ರಿ. ರೋಗ ಹೋಗಾ ತನಕ ಔಷಧೀನ ಜಂಬಣ್ಣನೇ ಹಾಲಿನಾಗೆ ಹಾಕ್ಕೊಡ್ಲಿ.”