ಎರಡನೇ ಪುಡಿ

ಒಂದೇ ಕಣ ಎರಡು ಚಿತ್ರಗಳಲ್ಲಿತ್ತು.

ಪ್ರೊಫೆಸರ್ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಎಡಗಡೆಯ ಚಿತ್ರದಲ್ಲಿ ಮೂಲೆ ಮುರಿದ ಕಣವೊಂದು ನೆಟ್ಟಗೆ ನಿಂತಿತ್ತು. ಬಲಗಡೆಯದರಲ್ಲಿ ಅದೇ ಮುರಿದ ಮೂಲೆ, ಅಕ್ಕಪಕ್ಕ ಅದೇ ಗುಂಪು, ಎಲ್ಲವೂ ಅಡ್ಡ ಮಲಗಿದ್ದವು. ಚಿತ್ರವನ್ನು ತಿರುಗಿಸಿ ಅಂಟಿಸಿದ್ದರು, ಅಷ್ಟೆ. ಕೆಳಗೆ ಮಾತ್ರ ಜಿಂಕ್ ಆಕ್ಸೈಡಿನ ಎರಡು ಬೇರೆ ಬೇರೆ ನ್ಯಾನೋ ಪುಡಿಗಳೆಂದು ಬರೆದಿತ್ತು: ಒಂದು ಕುಲುಮೆಯಲ್ಲಿ ಹದವಾಗಿ ಸುಟ್ಟದ್ದು, ಇನ್ನೊಂದು ಹೆಚ್ಚು ಶಾಖದಲ್ಲಿ ಸುಟ್ಟದ್ದು.

ಅಚ್ಚಿಗೆ ಹೋಗಿದ್ದ ಸಂಶೋಧನಾ ಪ್ರಬಂಧದ ಈ ಹಾಳೆಗಳು ಊಟದ ಮೇಜಿನ ಮೇಲೆ, ಸೊಸೆಯ ಕೈಚೀಲದ ಕೆಳಗಿದ್ದವು. ಆ ಕಣಗಳ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿತ್ತು. ಕೆಂಪು ಪೆನ್ನು ಸೊಸೆಯದು.

"ಎಲ್ಲಿ ಕತ್ತರಿಸ್ಬೇಕು, ಎಲ್ಲಿ ಅಂಟಿಸ್ಬೇಕು ಅಂತ ಗುರುತು ಬೇರೆ!" ಪ್ರೊಫೆಸರ್ ಮೂಗು ಮುರಿದರು.

ಕೆಳಗಿನ ಹಾಳೆಯಲ್ಲಿ ಎಕ್ಸ್-ರೇ ನಕ್ಷೆಗಳು. ಹೆಚ್ಚು ಸುಟ್ಟರೆ ಕಣ ಬೆಳೆಯುತ್ತದೆ. ಕಣ ಬೆಳೆದರೆ ನಕ್ಷೆಯ ಶಿಖರಗಳು ಚೂಪಾಗುತ್ತವೆ. ಇಲ್ಲಿ ಎರಡರ ಶಿಖರಗಳೂ ಒಂದೇ ದಪ್ಪ. ತಳದ ಗೆರೆಯ ಸಣ್ಣ ನಡುಕ ಕೂಡ ಚಾಚೂ ತಪ್ಪದೆ ಒಂದೇ. ಯಾವ ಯಂತ್ರವೂ ಎರಡು ಸಲ ಹಾಗೆ ನಡುಗುವುದಿಲ್ಲ. ಕಳ್ಳತನಕ್ಕಿಂತ ಅದರಲ್ಲಿನ ದಡ್ಡತನ ಅವರಿಗೆ ಹೆಚ್ಚು ಹೇಸಿಗೆ ತಂದಿತು.

ಮಗ ಮತ್ತು ಸೊಸೆ ಇಬ್ಬರೂ ಕೆಲಸ ಮಾಡುತ್ತಿದ್ದುದು ಪ್ರೊಫೆಸರ್ ನಿವೃತ್ತರಾಗುವ ತನಕ ಆಳಿದ್ದ ಸಂಶೋಧನಾ ಸಂಸ್ಥೆಯಲ್ಲಿ. ಮಗ ಪುಡಿ ತಯಾರಿಸುತ್ತಿದ್ದ. ಸೊಸೆ ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಒಡ್ಡಿ ಚಿತ್ರ ತೆಗೆಯುತ್ತಿದ್ದಳು, ಎಕ್ಸ್-ರೇ ಹಾಯಿಸಿ ರಚನೆ ಅಳೆಯುತ್ತಿದ್ದಳು. ಮೊದಲನೆಯದು ವಿಜ್ಞಾನ, ಎರಡನೆಯದು ಗುಂಡಿ ಒತ್ತುವ ಕೆಲಸ ಎಂಬುದು ಮಾವನವರ ತೀರ್ಮಾನ. ನೆಂಟರಿಗೆಲ್ಲ ಅವಳನ್ನು "ನಮ್ಮ ಫೋಟೋ ಸ್ಟುಡಿಯೋ" ಎಂದೇ ಪರಿಚಯಿಸುತ್ತಿದ್ದರು. ಅವಳು ಸುಮ್ಮನಿರುತ್ತಿದ್ದಳು. ಮಗ ನಗುತ್ತಿದ್ದ.

ಈಗ ಈ ಸ್ಟುಡಿಯೋ ಸೋಮಾರಿತನದಿಂದ ಒಂದೇ ಪುಡಿಯ ಚಿತ್ರವನ್ನು ಎರಡಕ್ಕೂ ಅಂಟಿಸಿ, ಮಗ ಬೆವರು ಸುರಿಸಿ ಮಾಡಿದ ಎರಡನೇ ಪುಡಿಯನ್ನು ಮಣ್ಣುಪಾಲು ಮಾಡಿತ್ತು.

ತಿಂಡಿಗೆ ಕೂತಾಗ ಅವರು ಹಾಳೆಗಳನ್ನು ಮೇಜಿನ ನಡುವೆ ಎಸೆದರು.

"ಇದೇನಿದು?"

ಸೊಸೆಯ ಮುಖ ಬಿಳಿಚಿಕೊಂಡಿತು. ಅವಳು ಗಂಡನ ಮುಖ ನೋಡಿದಳು, ನೋಡುತ್ತಲೇ ಇದ್ದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅಪ್ಪಾ, ಇಷ್ಟು ದೊಡ್ಡದು ಮಾಡೋ ವಿಷಯ ಅಲ್ಲ ಇದು. ಬಿಟ್ಟುಬಿಡಿ," ಎಂದವನೇ ಕೈ ತೊಳೆಯಲು ಎದ್ದು ಹೋದ.

ಹೆಂಡತಿಯ ಮಾನ ಮುಚ್ಚುವುದಕ್ಕೆ ಅರ್ಧ ತಿಂಡಿ ಬಿಟ್ಟು ಎದ್ದ ಹುಡುಗ! ಇಂಥವಳಿಗೆ ಇಂಥ ಗಂಡ.

"ಮಾವ," ಸೊಸೆಯ ದನಿ ಸಣ್ಣಗಾಗಿತ್ತು, "ಪ್ರಬಂಧ ಇನ್ನೂ ಅಚ್ಚಾಗಿಲ್ಲ. ದಯವಿಟ್ಟು ಯಾರಿಗೂ ಹೇಳ್ಬೇಡಿ. ಅದನ್ನ ವಾಪಸ್ ತೆಗೆಸ್ತೀನಿ. ಎಲ್ಲ ಹೊಸದಾಗಿ ಮಾಡಿಸ್ತೀನಿ."

"ಮಾಡಿಸ್ತೀಯಾ? ನಿನ್ನ ಕೆಲಸಾನೂ ಬೇರೆಯವರ ಕೈಲೇ ಮಾಡಿಸ್ತೀಯೇನಮ್ಮ?"

"ಒಬ್ಬರ ಬದುಕು ಹಾಳಾಗತ್ತೆ ಮಾವ."

"ಆಗ್ಲಿ. ಅಂಥವರ ಬದುಕು ಹಾಳಾದ್ರೇನೇ ವಿಜ್ಞಾನ ಉಳಿಯೋದು."

"ಯಾರೇ ಆಗಿದ್ರೂನಾ?"

"ಯಾರೇ ಆಗಿದ್ರೂ," ಎಂದು ಪ್ರೊಫೆಸರ್ ಕೋಟು ತೊಟ್ಟರು.

ಸಂಸ್ಥೆಯ ನಿರ್ದೇಶಕಿ ಒಂದು ಕಾಲದಲ್ಲಿ ಅವರ ವಿದ್ಯಾರ್ಥಿನಿ. ಹಾಳೆಗಳನ್ನು ನೋಡಿ ಆಕೆಯ ಹುಬ್ಬು ಗಂಟಾಯಿತು.

"ಯಾರದು ಸರ್ ಇದು?"

"ಹೆಸರು ನನ್ನ ಬಾಯಿಂದ ಬೇಡ. ನಮ್ಮ ಮನೆಯಿಂದಲೇ ಬಂದಿದ್ದು ಅಂತ ತಿಳ್ಕೊಳ್ಳಿ. ಯಂತ್ರಗಳನ್ನ ಕೇಳಿ, ಅವು ಹೇಳ್ತವೆ."

"ಮನೆ ಅಂದ್ಮೇಲೆ... ಕರೆದು ಬುದ್ಧಿ ಹೇಳಿ ಒಳಗೊಳಗೇ ಮುಗಿಸಬಹುದಲ್ಲ ಸರ್?"

"ಮನೆಯವರು ಅಂತ ರಿಯಾಯಿತಿ ಕೇಳೋಕೆ ಬಂದಿಲ್ಲ ನಾನು. ಕಾಲಿಗೆ ಬಿದ್ರೂ ಬಿಡ್ಬೇಡಿ. ಇಂಥವರನ್ನ ಸಂಸ್ಥೆಯ ಮೆಟ್ಟಿಲು ಹತ್ತೋಕೆ ಬಿಡ್ಬಾರ್ದು."

ಹೆಸರು ಹೇಳದೆ ಬಂದ ತಮ್ಮ ದೊಡ್ಡತನಕ್ಕೆ ತಾವೇ ತಲೆದೂಗುತ್ತ ಪ್ರೊಫೆಸರ್ ಮನೆಗೆ ನಡೆದರು.

ತನಿಖೆ ಶುರುವಾಯಿತು. ಸೊಸೆ ಅತ್ತ ಕಣ್ಣಿನಲ್ಲೇ ಕೆಲಸಕ್ಕೆ ಹೋಗಿ ಬರುತ್ತಿದ್ದಳು. ಮಾವ ಅವಳೊಂದಿಗೆ ಮಾತು ಬಿಟ್ಟರು. ಅವಳು ತಂದಿಟ್ಟ ಕಾಫಿ ಮುಟ್ಟಲಿಲ್ಲ. ಮಗ ಕೋಣೆಯ ಬಾಗಿಲು ಹಾಕಿಕೊಂಡು ಕೂತ. ಅವಳ ದೆಸೆಯಿಂದ ಹುಡುಗ ಅರ್ಧವಾಗಿದ್ದ.

"ನೀನು ಧೈರ್ಯವಾಗಿರು. ನಿನ್ನ ಪುಡಿಗೆ ಕಳಂಕ ಬರಲ್ಲ," ಎಂದು ತಂದೆ ಭುಜ ತಟ್ಟಿದರು.

"ಅಪ್ಪಾ, ದೂರು ವಾಪಸ್ ತಗೊಳ್ಳಿ," ಎಂದ ಮಗ. ಮುಂದೆ ಏನನ್ನೋ ಹೇಳಲು ಬಾಯಿ ತೆರೆದ. ಮುಚ್ಚಿದ.

"ಹೆಂಡತಿ ಅಂದ್ರೆ ಇಷ್ಟೊಂದು ಕರಗ್ಬಾರ್ದು ಕಣೋ," ಎಂದು ಪ್ರೊಫೆಸರ್ ಹೊರಟುಹೋದರು.

ತೀರ್ಪಿನ ದಿನ ನಿರ್ದೇಶಕಿಯೇ ಅವರನ್ನು ಕರೆಸಿದಳು. ಬಾಗಿಲಿನವರೆಗೆ ಬಂದು ಎದುರುಗೊಂಡು ಕುರ್ಚಿ ಎಳೆದು ಕೊಟ್ಟಳು.

"ನೀವು ಹೇಳಿದ್ದು ಅಕ್ಷರಶಃ ನಿಜ ಸರ್. ತಪ್ಪು ಒಪ್ಕೊಂಡಿದ್ದಾರೆ. ಇವತ್ತಿಂದ ಕೆಲಸದಲ್ಲಿಲ್ಲ. ಬೇರೆ ಸಂಸ್ಥೆಗಳಿಗೂ ತಿಳಿಸಿದೀವಿ, ಇನ್ನು ಯಾವ ಪ್ರಯೋಗಾಲಯದಲ್ಲೂ ಜಾಗ ಸಿಗಲ್ಲ."

ಪ್ರೊಫೆಸರ್ ಕಾಲ ಮೇಲೆ ಕಾಲು ಹಾಕಿಕೊಂಡರು.

"ಅತ್ತು ಗೋಳಾಡಿರ್ಬೇಕಲ್ಲ?"

"ಅವರು ಒಪ್ಪಿಗೆಗೆ ಸಹಿ ಹಾಕಿ ಹೊರಟುಹೋದರು. ಅತ್ತಿದ್ದು ನಿಮ್ಮ ಸೊಸೆ," ಎಂದಳು ನಿರ್ದೇಶಕಿ. "ಎರಡನೇ ಪುಡಿ ಮಾಡದೆ ನಾನು ತೆಗೆದ ಚಿತ್ರಾನೇ ತಿರುಗಿಸಿ ಅಂಟಿಸಿದ್ದು ತಪ್ಪೇ, ಆದ್ರೂ ನನ್ನ ಗಂಡನಿಗೆ ಇನ್ನೊಂದು ಅವಕಾಶ ಕೊಡಿ ಅಂತ ಕಾಲಿಗೆ ಬಿದ್ದರು ಸರ್. ಮಗ ಅಂತಲೂ ನೋಡದೆ ನೀವು ಹೇಳಿದ್ದ ಮಾತನ್ನೇ ಅವರಿಗೂ ಹೇಳಿ ಕಳಿಸಿದೆ."